ಸಿಂಗಾಪುರದ ಸೆಕೆಯಲ್ಲಿ ಹ್ಯೂಗ: ಮಕ್ಕಳಿಗೆ ಡೆನ್ಮಾರ್ಕ್ ಉಳಿಸಿಕೊಡುವುದು ಹೇಗೆ?

ಆರ್ಹುಸ್ ಅಮ್ಮ · ಜನವರಿ 18

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಬಿಡುವಿದ್ದಾಗ ಓದಿ.

ನಾನು ತೀರ್ಥಹಳ್ಳಿ ಕಡೆಯವಳು. ಗಂಡ ಡೆನ್ಮಾರ್ಕಿನವರು, ಯೂಲ್ಯಾಂಡಿನ ಒಂದು ಹಳ್ಳಿ. ಒಂಬತ್ತು ವರ್ಷ ಆರ್ಹುಸ್‌ನಲ್ಲಿದ್ದೆವು. ಇಬ್ಬರು ಮಕ್ಕಳೂ ಹುಟ್ಟಿದ್ದು ಅಲ್ಲೇ. ಮಗಳಿಗೆ ಈಗ 8, ಮಗನಿಗೆ 5. ಒಂದೂವರೆ ವರ್ಷದ ಹಿಂದೆ ಗಂಡನ ಕೆಲಸಕ್ಕಾಗಿ ಸಿಂಗಾಪುರಕ್ಕೆ ಬಂದೆವು.

ಕನ್ನಡದ ಬಗ್ಗೆ ನನಗೆ ಹೆದರಿಕೆ ಇಲ್ಲ. ಮನೆಯಲ್ಲಿ ನಾನಿದ್ದೇನೆ, ಅಮ್ಮ ದಿನಾ ಫೋನ್ ಮಾಡುತ್ತಾರೆ, ರಜೆಗೆ ಊರಿಗೆ ಹೋಗುತ್ತೇವೆ. ಕೈಯಿಂದ ಜಾರುತ್ತಿರುವುದು ಡೆನ್ಮಾರ್ಕ್. ಅಪ್ಪ ಡ್ಯಾನಿಷ್‌ನಲ್ಲಿ ಕೇಳಿದರೆ ಮಗ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾನೆ. ಹೋದ ತಿಂಗಳು ಫಾರ್ಮೋರ್ ವಿಡಿಯೋ ಕಾಲ್‌ನಲ್ಲಿ ಅವನಿಗೆ ಏನೋ ಕೇಳಿದರು. ಅವನು ಅಪ್ಪನ ಮುಖ ನೋಡಿದ. ಅರ್ಥ ಆಗಿರಲಿಲ್ಲ. ಫಾರ್ಮೋರ್ ನಕ್ಕು ಬೇರೆ ಮಾತಿಗೆ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫಾರ್ಮೋರ್ ಅಂದರೆ ಅಪ್ಪನ ಅಮ್ಮ. ಮೋರ್ಮೋರ್ ಅಂದರೆ ಅಮ್ಮನ ಅಮ್ಮ. ಸೋದರತ್ತೆಗೆ ಫಾಸ್ಟರ್, ಅಮ್ಮನ ಅಕ್ಕತಂಗಿಯರಿಗೆ ಮೋಸ್ಟರ್, ಸೋದರಮಾವನಿಗೆ ಮೋರ್‌ಬ್ರೋರ್. ನಮ್ಮ ಹಾಗೇ ಸಂಬಂಧಕ್ಕೊಂದು ಹೆಸರು. ಇಲ್ಲಿ ಎಲ್ಲವೂ ಆಂಟಿ, ಅಂಕಲ್ ಆಗಿಬಿಟ್ಟಿದೆ.

ಇನ್ನೊಂದು ವಿಷಯ ಹ್ಯೂಗ, ಅಂದರೆ ಮನೆಯವರೊಂದಿಗೆ ಹಿತವಾಗಿ, ನೆಮ್ಮದಿಯಾಗಿ ಕೂರುವ ಡ್ಯಾನಿಷ್ ಅಭ್ಯಾಸ. ಆರ್ಹುಸ್‌ನಲ್ಲಿ ಡಿಸೆಂಬರ್ ಬಂದರೆ ಮಧ್ಯಾಹ್ನ ಮೂರೂವರೆ ದಾಟುತ್ತಲೇ ಕತ್ತಲೆ. ಮಕ್ಕಳನ್ನು ಕರೆದುಕೊಂಡು ಸೈಕಲ್ಲಿನಲ್ಲಿ ಬರುವಾಗ ಬೀದಿಯ ಪ್ರತಿ ಕಿಟಕಿಯಲ್ಲೂ ಮೇಣದಬತ್ತಿ ಕಾಣುತ್ತಿತ್ತು. ಒಳಗೆ ಬಂದು ಬೂಟು, ಉಣ್ಣೆ ಬಟ್ಟೆ ಎಲ್ಲ ಕಳಚಿ, ಒಂದು ಬತ್ತಿ ಹಚ್ಚಿ, ಬಿಸಿ ಏನಾದರೂ ಕುಡಿಯುತ್ತಾ ಕೂತರೆ ಆಯಿತು. ಯಾರೂ ಏನೂ ಸಾಧಿಸುತ್ತಿರಲಿಲ್ಲ. ಹಾಗೆ ಸುಮ್ನೆ ಕೂರುವುದನ್ನು ನಾನು ಕಲಿತಿದ್ದು ಅಲ್ಲಿ.

ಸಿಂಗಾಪುರದಲ್ಲಿ ವರ್ಷವಿಡೀ ಸಂಜೆ ಏಳಕ್ಕೆ ಸೂರ್ಯ ಮುಳುಗುತ್ತಾನೆ. ಹೊರಗೆ 30 ಡಿಗ್ರಿ. ಏಸಿ ಜಾಸ್ತಿ ಮಾಡಿ, ಕಂಬಳಿ ಹೊದ್ದು, ಬತ್ತಿ ಹಚ್ಚಿ ನೋಡಿದೆವು. ಫೋಟೋ ಚೆನ್ನಾಗಿ ಬಂತು. ಮಕ್ಕಳು ಹತ್ತು ನಿಮಿಷಕ್ಕೆ ಎದ್ದು ಹೋದರು.

ಇಂಥ ಮನೆ ನಡೆಸುತ್ತಿರುವವರು ಇಲ್ಲಿದ್ದೀರಾ? ಏನನ್ನು ಉಳಿಸಿಕೊಂಡಿರಿ, ಏನನ್ನು ಬಿಟ್ಟಿರಿ?

---

ಜಗಲಿ ಕಟ್ಟೆ · ಜನವರಿ 18

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಈ ಹ್ಯೂಗ ಅನ್ನುವುದು ನಮ್ಮಲ್ಲಿ ಇಲ್ವಾ? ಮಳೆಗಾಲದಲ್ಲಿ ಕರೆಂಟ್ ಹೋದಾಗ ಲಾಟೀನಿನ ಸುತ್ತ ಕೂತು ಹಲಸಿನ ಹಪ್ಪಳ ತಿನ್ನುತ್ತಾ ಅಜ್ಜಿಯ ಕತೆ ಕೇಳುತ್ತಿದ್ದೆವು. ತೀರ್ಥಹಳ್ಳಿಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಡೆನ್ಮಾರ್ಕಿನ ಹೆಸರು ಯಾಕೆ ಬೇಕು? ಮಕ್ಕಳಿಗೆ ಅದನ್ನೇ ಕೊಡಿ.

---

ಮೈಸೂರಿನ ಡ್ಯಾನಿಷ್ ಸೊಸೆ · ಜನವರಿ 19

ನಾನು ಓದೆನ್ಸೆ ಊರಿನವಳು. ಮದುವೆಯಾಗಿ ಮೈಸೂರಿಗೆ ಬಂದು 14 ವರ್ಷ. ಮಾತನಾಡುವ ಕನ್ನಡ ನನ್ನದು, ಟೈಪ್ ಮಾಡುತ್ತಿರುವುದು ಗಂಡ.

ಜಗಲಿ ಕಟ್ಟೆಯವರಿಗೆ ಮೊದಲು ಹೇಳುತ್ತೇನೆ. ಲಾಟೀನು, ಹಪ್ಪಳ, ಕತೆ: ಅದು ಖಂಡಿತ ಹ್ಯೂಗ. ನನ್ನ ಅತ್ತೆಯ ಮನೆಯಲ್ಲಿ ನಾನೂ ಅದನ್ನು ನೋಡಿದ್ದೇನೆ. ಆದರೆ ನಾನು ಒಂದು ವ್ಯತ್ಯಾಸವನ್ನೂ ನೋಡಿದೆ. ಹಪ್ಪಳ ಸುಡುವವರು ಒಳಗೆ ಒಲೆ ಮುಂದೆ ಇದ್ದರು. ಎಲ್ಲರದೂ ಊಟ ಆದಮೇಲೆ ಅವರು ಒಬ್ಬರೇ ಉಂಡರು. ನಮ್ಮೂರಿನಲ್ಲಿ ಅಡುಗೆ ಮಾಡಿದವರು ಬಂದು ಕೂರುವ ತನಕ ಯಾರೂ ಶುರು ಮಾಡುವುದಿಲ್ಲ. ಪಾತ್ರೆಗಳನ್ನು ಮೇಜಿನ ಮಧ್ಯೆ ಇಟ್ಟು, ಕೈಯಿಂದ ಕೈಗೆ ದಾಟಿಸುತ್ತೇವೆ. ಬಡಿಸುವವರು ಅಂತ ಬೇರೆ ಇರುವುದಿಲ್ಲ. ಒಬ್ಬರು ನಿಂತಿದ್ದರೆ ಉಳಿದವರಿಗೆ ಹ್ಯೂಗ ಆಗುವುದಿಲ್ಲ.

ಊಟ ಮುಗಿದ ಮೇಲೆ ಮಕ್ಕಳು "ತಾಕ್ ಫಾರ್ ಮಾದ್" ಅನ್ನಬೇಕು. ಊಟಕ್ಕೆ ಥ್ಯಾಂಕ್ಸ್ ಅಂತ. ಅಡುಗೆ ಮಾಡಿದವರು "ವೆಲ್‌ಬೆಕೊಮ್ಮೆ" ಅನ್ನುತ್ತಾರೆ. ಅತ್ತೆಗೆ ಮೊದಮೊದಲು ಇದು ವಿಚಿತ್ರ ಅನ್ನಿಸಿತ್ತು. ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ ಅಂತ ಕೇಳಿದ್ದರು. ಈಗ ಮೊಮ್ಮಕ್ಕಳು ಹೇಳದೆ ಎದ್ದರೆ ಅವರೇ ಕರೆದು ಹೇಳಿಸುತ್ತಾರೆ.

ಆರ್ಹುಸ್ ಅಮ್ಮ, ಕಂಬಳಿ ಬಿಡಿ. ಸೆಕೆಯಲ್ಲಿ ಕಂಬಳಿ ಹೊದ್ದರೆ ಯಾರಿಗೆ ಹಿತ? ಹ್ಯೂಗ ನಮಗೆ ಕ್ರಿಯಾಪದವೂ ಹೌದು. ಮಾಡುವ ಕೆಲಸ. ನಮ್ಮಲ್ಲಿ ಜೂನ್ ತಿಂಗಳಲ್ಲೂ ಹ್ಯೂಗ ಮಾಡುತ್ತೇವೆ, ರಾತ್ರಿ ಹತ್ತಕ್ಕೂ ಬೆಳಕಿರುವಾಗ, ಅಂಗಳದಲ್ಲಿ ಸ್ಟ್ರಾಬೆರಿ ತಿನ್ನುತ್ತಾ. ಜೂನ್ 23ಕ್ಕೆ ಸಾಂಕ್ಟ್ ಹಾನ್ಸ್ ಹಬ್ಬ. ದೊಡ್ಡ ಬೆಂಕಿ ಹಾಕಿ ಸುತ್ತ ನಿಂತು ಹಾಡುತ್ತೇವೆ. ಅಲ್ಲಿ ಕಂಬಳಿಯೂ ಇಲ್ಲ, ಮೇಣದಬತ್ತಿಯೂ ಇಲ್ಲ. ಆ ಪದಕ್ಕೆ "ಉ" ಸೇರಿಸಿ "ಉಹ್ಯೂಗಲಿ" ಅಂದರೆ ಭಯ ಹುಟ್ಟಿಸುವಂಥದ್ದು ಅಂತ ಅರ್ಥ. ಹಾಗಾಗಿ ನನ್ನ ಮನಸ್ಸಿನಲ್ಲಿ ಹ್ಯೂಗ ಅಂದರೆ ಮೊದಲು ಭಯ ಇಲ್ಲದಿರುವುದು. ಈ ಹೊತ್ತಿನಲ್ಲಿ ಯಾರೂ ನನ್ನ ಮಾರ್ಕ್ಸ್ ಕೇಳುವುದಿಲ್ಲ ಅಂತ ಮಗುವಿಗೆ ಗೊತ್ತಿರಬೇಕು.

ಆದರೆ ಬೆಳಕಿನ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ದಯವಿಟ್ಟು ಟ್ಯೂಬ್‌ಲೈಟ್ ಆರಿಸಿ! ಪೌಲ್ ಹೆನಿಂಗ್ಸನ್ ಅಂತ ನಮ್ಮ ವಿನ್ಯಾಸಗಾರರು ಒಬ್ಬರಿದ್ದರು. ಬಲ್ಬು ಯಾರ ಕಣ್ಣಿಗೂ ನೇರವಾಗಿ ಹೊಡೆಯಬಾರದು ಅಂತ ಜೀವನವಿಡೀ ದೀಪದ ಮುಸುಕುಗಳನ್ನು ಮಾಡಿದರು. ಅವರು 1958ರಲ್ಲಿ ಮಾಡಿದ ಪಿಎಚ್ 5 ದೀಪ ಡೆನ್ಮಾರ್ಕಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಊಟದ ಮೇಜಿನ ಮೇಲೆ ತಗ್ಗಾಗಿ ತೂಗುತ್ತದೆ. ಬೆಳಕು ತಟ್ಟೆಗಳ ಮೇಲೆ ಬೀಳುತ್ತದೆ, ಕೋಣೆಯ ಮೂಲೆಗಳು ಕತ್ತಲೆಯಾಗಿಯೇ ಇರುತ್ತವೆ. ಆಗ ಮಕ್ಕಳು ತಾವಾಗಿಯೇ ಮೇಜಿನ ಹತ್ತಿರ ಬರುತ್ತಾರೆ. ಆ ದೀಪದ ಬೆಲೆ ಜಾಸ್ತಿ. ನಾನು ಇಲ್ಲಿ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ ಮಾಡಿಸಿಕೊಂಡಿದ್ದೇನೆ. ಕೆಲಸ ಅದೇ.

---

ಪಡ್ಡು ಕಾವಲಿ · ಜನವರಿ 20

ನಾವಿಬ್ಬರೂ ಕನ್ನಡದವರೇ. ಕೋಪನ್‌ಹೇಗನ್‌ನಲ್ಲಿ 11 ವರ್ಷ ಇದ್ದು ಬೆಂಗಳೂರಿಗೆ ವಾಪಸ್ ಬಂದಿದ್ದೇವೆ. ನಮ್ಮ ಮಕ್ಕಳಿಗೆ ಡ್ಯಾನಿಷ್ ರಕ್ತ ಇಲ್ಲ, ಆದರೆ ಬಾಲ್ಯ ಪೂರ್ತಿ ಡ್ಯಾನಿಷ್. ಅವರಿಗೆ ಇದು ವಿದೇಶ.

ಒಂದು ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹ್ಯೂಗದ ವೃತ್ತ ಚಿಕ್ಕದು. ಹೊರಗಿನವರಿಗೆ ಒಳಗೆ ಹೋಗುವುದು ಕಷ್ಟ. ಆಫೀಸಿನಲ್ಲಿ ದಿನಾ ಒಟ್ಟಿಗೆ ಊಟ ಮಾಡುತ್ತಿದ್ದವರು ಮನೆಗೆ ಕರೆಯಲು ಎರಡು ವರ್ಷ ತೆಗೆದುಕೊಂಡರು. ಆಗ ತುಂಬಾ ನೋವಾಗಿತ್ತು. ಆದರೆ ಕರೆದ ಮೇಲೆ ಬಿಡಲಿಲ್ಲ. ಇವತ್ತಿಗೂ ಮಕ್ಕಳ ಹುಟ್ಟುಹಬ್ಬಕ್ಕೆ ಕಾರ್ಡು ಬರುತ್ತದೆ.

ಇನ್ನು ಅಡುಗೆಗೆ ಬರುತ್ತೇನೆ, ನನ್ನ ಹೆಸರೇ ಅದು. ಡಿಸೆಂಬರ್‌ನಲ್ಲಿ ಅಲ್ಲಿ ಎಬ್ಲಸ್ಕಿವ ಅನ್ನುವ ತಿಂಡಿ ಮಾಡುತ್ತಾರಲ್ಲ, ಅದರ ಕಾವಲಿ ನೋಡಿದ ದಿನ ನನ್ನ ಹೆಂಡತಿ ಅಂಗಡಿಯಲ್ಲೇ ಕಿರುಚಿದಳು: "ಅಯ್ಯೋ, ಪಡ್ಡು ಕಾವಲಿ!" ಅದೇ ಗುಂಡಿಗಳು, ಅದೇ ಬೀಡು. ಕಡ್ಡಿಯಲ್ಲಿ ತಿರುಗಿಸುವ ಕೈಚಳಕವೂ ಅದೇ. ಅವರ ಅಜ್ಜಿಯರು ಹೆಣಿಗೆ ಕಡ್ಡಿಯಲ್ಲಿ ತಿರುಗಿಸುತ್ತಾರೆ. ಹೆಸರಿನ ಅರ್ಥ "ಸೇಬಿನ ಹೋಳು", ಆದರೆ ಈಗ ಸಾಮಾನ್ಯವಾಗಿ ಒಳಗೆ ಸೇಬು ಇರುವುದಿಲ್ಲ.

ಮೈದಾ, ಮಜ್ಜಿಗೆ, ಮೊಟ್ಟೆಯ ಹಳದಿ, ಚೂರು ಸಕ್ಕರೆ, ಚಿಟಿಕೆ ಉಪ್ಪು, ಅಡುಗೆ ಸೋಡಾ, ಏಲಕ್ಕಿ ಪುಡಿ, ನಿಂಬೆ ಸಿಪ್ಪೆಯ ತುರಿ. ಮೊಟ್ಟೆಯ ಬಿಳಿಯನ್ನು ಬೇರೆ ನೊರೆ ಬರಿಸಿ ಕೊನೆಗೆ ಮೆಲ್ಲಗೆ ಸೇರಿಸಬೇಕು. ಮಜ್ಜಿಗೆ ಗಟ್ಟಿ ಇರಲಿ. ಗುಂಡಿಗೆ ಬೆಣ್ಣೆ ಹಾಕಿ ಸಣ್ಣ ಉರಿ. ನಮ್ಮ ಕಾವಲಿಯ ಗುಂಡಿ ಚಿಕ್ಕದು, ಅದಕ್ಕೇ ಬೇಗ ತಿರುಗಿಸಿ. ಪೂರ್ತಿ ಒಮ್ಮೆಲೇ ತಿರುಗಿಸಬೇಡಿ. ಮೊದಲು ಕಾಲು ಭಾಗ ತಿರುಗಿಸಿ, ಒಳಗಿನ ಹಸಿ ಹಿಟ್ಟು ಕೆಳಗೆ ಇಳಿಯುತ್ತದೆ. ಆಮೇಲೆ ಪೂರ್ತಿ. ಹಾಗೆ ಮಾಡಿದರೆ ಚೆಂಡಿನ ಹಾಗೆ ದುಂಡಗಾಗುತ್ತದೆ. ಜಾಮ್ ಮತ್ತು ಸಕ್ಕರೆ ಪುಡಿ ಜೊತೆಗೆ.

ಏಲಕ್ಕಿ ಅಂದೆನಲ್ಲ. ಅಷ್ಟು ದೂರದ ಚಳಿ ದೇಶದಲ್ಲಿ ಬನ್ನಿಗೆಲ್ಲ ಏಲಕ್ಕಿ ಹಾಕುವುದು ನೋಡಿ ನನಗೆ ಮೊದಲ ವರ್ಷ ಕಣ್ಣು ತುಂಬಿ ಬಂದಿತ್ತು. ಸ್ಟೋರ ಬೀಡದಾವ್ ಅಂತ ಒಂದು ಪ್ರಾರ್ಥನೆಯ ದಿನ ಇತ್ತು, 1686ರಿಂದ ಬಂದ ರಜೆ. ಹಿಂದಿನ ಸಂಜೆ ಏಲಕ್ಕಿ ಬನ್ನನ್ನು ಸುಟ್ಟು ಬೆಣ್ಣೆ ಹಚ್ಚಿ ತಿನ್ನುತ್ತಿದ್ದರು. 2024ರಿಂದ ಸರ್ಕಾರ ಆ ರಜೆಯನ್ನೇ ತೆಗೆದುಹಾಕಿತು. ನಮ್ಮ ಮನೆಯಲ್ಲಿ ಬನ್ನು ಮಾತ್ರ ನಿಲ್ಲಿಸಿಲ್ಲ.

ಮೇಣದಬತ್ತಿ ಮತ್ತು ಫ್ಯಾನ್ ಜಗಳಕ್ಕೆ ನಮ್ಮ ಪರಿಹಾರ: ಹಳೆಯ ಲಾಟೀನಿನ ಗಾಜು. ಮೊದಲ ಸಲ ಹಚ್ಚಿದಾಗ ಅಮ್ಮ ಒಳಗಿನಿಂದ "ಕರೆಂಟ್ ಹೋಯ್ತಾ?" ಅಂದರು. ಈಗ ಶುಕ್ರವಾರ ಸಂಜೆ ಗಾಜು ಒರೆಸಿಡುವುದು ಅವರೇ.

---

ಆರ್ಹುಸ್ ಅಮ್ಮ · ಜನವರಿ 20

ಓದಿ ಮನಸ್ಸು ತುಂಬಿತು. ಸೊಸೆಯವರ ಮಾತು ಚುಚ್ಚಿತು ಕೂಡ. ಆರ್ಹುಸ್‌ನಲ್ಲಿ ನಾನೂ ಕೂರುತ್ತಿದ್ದೆ. ಇಲ್ಲಿಗೆ ಬಂದಮೇಲೆ ಬಿಸಿ ಚಪಾತಿ ಕೊಡುತ್ತಾ ನಿಂತೇ ಇರುತ್ತೇನೆ. ಯಾವಾಗ ಹೀಗಾಯಿತೋ ಗಮನಿಸಲೇ ಇಲ್ಲ.

ತಿಂಡಿ, ಬೆಳಕು ಸರಿ. ಆದರೆ ಭಾಷೆ? ತಿಂಡಿ ಉಳಿದರೆ ಭಾಷೆ ತಾನಾಗಿ ಉಳಿಯುತ್ತದಾ?

---

ಒಮಾಹಾ ಕನ್ನಡಿಗ · ಜನವರಿ 21

ಈ ಪ್ರಶ್ನೆಗೆ ನನ್ನ ಮನೆಯಿಂದ ಒಂದು ಗಂಟೆ ಚಿಲ್ಲರೆ ದೂರದಲ್ಲಿ ಉತ್ತರ ಇದೆ. ಉತ್ತರ ಖುಷಿ ಕೊಡುವುದಿಲ್ಲ, ಆದರೂ ಹೇಳಬೇಕು.

ಅಮೆರಿಕದ ಅಯೋವಾ ರಾಜ್ಯದಲ್ಲಿ ಎಲ್ಕ್ ಹಾರ್ನ್ ಅಂತ ಪುಟ್ಟ ಊರು. ಪಕ್ಕದಲ್ಲೇ ಕಿಂಬಲ್ಟನ್. 19ನೇ ಶತಮಾನದಲ್ಲಿ ಡೆನ್ಮಾರ್ಕಿನಿಂದ ಬಂದ ರೈತರು ಕಟ್ಟಿದ ಊರುಗಳು. ಸುತ್ತ ಜೋಳದ ಹೊಲ, ನಡುವೆ ನಿಜವಾದ ಡ್ಯಾನಿಷ್ ಗಾಳಿಯಂತ್ರ! 1848ರಲ್ಲಿ ಯೂಲ್ಯಾಂಡಿನ ನೋರೆ ಸ್ನೇದೆಯಲ್ಲಿ ಕಟ್ಟಿದ್ದು. ಅದನ್ನು ಬಿಚ್ಚಿ, ಹಡಗಿನಲ್ಲಿ ತಂದು, 1976ರಲ್ಲಿ ಎಲ್ಕ್ ಹಾರ್ನ್‌ನಲ್ಲಿ ಮತ್ತೆ ನಿಲ್ಲಿಸಿದರು. ಅಮೆರಿಕದ ಡ್ಯಾನಿಷ್ ಮ್ಯೂಸಿಯಂ ಇರುವುದೂ ಅಲ್ಲೇ. ಹಬ್ಬಕ್ಕೆ ಹೋದರೆ ಎಬ್ಲಸ್ಕಿವ ಸಿಗುತ್ತದೆ. ಮನೆಗಳ ಮುಂದೆ ಕೆಂಪು ಬಿಳಿ ಬಾವುಟ. ನಾಲ್ಕನೇ ತಲೆಮಾರಿನವರು ಬೇಯಿಸಿ ಕೊಡುತ್ತಾರೆ.

ಡ್ಯಾನಿಷ್ ಮಾತನಾಡುತ್ತೀರಾ ಅಂತ ಒಬ್ಬ ವಯಸ್ಸಾದ ಹೆಂಗಸನ್ನು ಕೇಳಿದೆ. ಪ್ರಾರ್ಥನೆಯ ಎರಡು ಸಾಲು ಹೇಳಿದರು. ಅರ್ಥ ಗೊತ್ತಿಲ್ಲ ಅಂದರು. ಅವರ ಅಜ್ಜ ಅಜ್ಜಿ ಮನೆಯಲ್ಲಿ ಬೇರೆ ಮಾತೇ ಆಡುತ್ತಿರಲಿಲ್ಲವಂತೆ.

ಹೇಗೆ ಹೋಯಿತು? 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆದೇಶ ಹೊರಡಿಸಿದರು. ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಚರ್ಚಿನಲ್ಲಿ, ಎಲ್ಲ ಕಡೆ ಇಂಗ್ಲಿಷ್ ಮಾತ್ರ. ಗುರಿ ಇದ್ದದ್ದು ಜರ್ಮನ್ ಮೇಲೆ, ಆದರೆ ಡ್ಯಾನಿಷ್ ಜನರಿಗೂ ಏಟು ಬಿತ್ತು. ಅದೇ ವರ್ಷ ಆದೇಶ ವಾಪಸಾಯಿತು. ಆದರೆ ಭಾಷೆಯ ಬಗ್ಗೆ ಒಂದು ಸಲ ನಾಚಿಕೆ ಹುಟ್ಟಿದರೆ ಅದನ್ನು ಯಾವ ಆದೇಶವೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಅದೊಂದೇ ಕಾರಣ ಅಂತ ಹೇಳುತ್ತಿಲ್ಲ. ಹೊಸಬರು ಬರುವುದು ಕಡಿಮೆಯಾಯಿತು, ಮಕ್ಕಳು ಬೇರೆಯವರನ್ನು ಮದುವೆಯಾದರು, ಪಟ್ಟಣಕ್ಕೆ ಹೋದರು. ಎಲ್ಲ ಸೇರಿತು.

ಹಾಗಾಗಿ ಆರ್ಹುಸ್ ಅಮ್ಮ, ತಿಂಡಿ ಭಾಷೆಯನ್ನು ಹೊತ್ತುಕೊಂಡು ಬರುವುದಿಲ್ಲ. ತಿಂಡಿ ಮಾಡುವಾಗ ಆಡುವ ಮಾತು ಬೇಕು. ನಾನು ಆ ಗಾಳಿಯಂತ್ರ ನೋಡಿ ಮನೆಗೆ ಬಂದವನು, ಮಗನ ಜೊತೆ ಕನ್ನಡದಲ್ಲಿ ಬೈಯುವುದನ್ನು ನಿಲ್ಲಿಸಿಲ್ಲ, ಮುದ್ದು ಮಾಡುವುದನ್ನೂ.

---

ಎಲ್ಬೆ ದಂಡೆ · ಜನವರಿ 21

ಹ್ಯಾಂಬರ್ಗ್‌ನಿಂದ. ಒಮಾಹಾದವರು ಹೇಳಿದ್ದಕ್ಕೆ ಇನ್ನೊಂದು ಮುಖ ಇದೆ. ಇಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ಉತ್ತರಕ್ಕೆ ಹೋದರೆ ಫ್ಲೆನ್ಸ್‌ಬರ್ಗ್. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಕಳೆದುಕೊಂಡ ಸೀಮೆ. 1920ರಲ್ಲಿ ಜನಮತ ನಡೆದು ಉತ್ತರ ಭಾಗ ಡೆನ್ಮಾರ್ಕಿಗೆ ಮರಳಿತು, ಫ್ಲೆನ್ಸ್‌ಬರ್ಗ್ ಜರ್ಮನಿಯಲ್ಲೇ ಉಳಿಯಿತು. ನೂರು ವರ್ಷ ದಾಟಿದರೂ ಅಲ್ಲಿನ ಡ್ಯಾನಿಷ್ ಸಮುದಾಯ ಭಾಷೆ ಬಿಟ್ಟಿಲ್ಲ. ಅವರದೇ ಶಿಶುವಿಹಾರ, ಶಾಲೆ, ಗ್ರಂಥಾಲಯ ಇವೆ. 1869ರಿಂದ ನಡೆದುಬಂದ ಪತ್ರಿಕೆ ಇದೆ. ಮನೆಯಲ್ಲಿ ಜರ್ಮನ್ ಮಾತನಾಡುವವರೂ ಮಕ್ಕಳನ್ನು ಆ ಶಾಲೆಗೆ ಕಳಿಸುತ್ತಾರೆ.

ಎಲ್ಕ್ ಹಾರ್ನ್‌ನವರು ತಿಂಡಿ ಉಳಿಸಿಕೊಂಡರು, ಇವರು ಶಾಲೆ ಉಳಿಸಿಕೊಂಡರು. ಮನೆಯೊಂದೇ ಸಾಲದು. ಮಗುವಿಗೆ ಅದೇ ಮಾತಾಡುವ ಇನ್ನೊಂದು ಮಗು ಬೇಕು. ಸಿಂಗಾಪುರದಲ್ಲಿ ಪೆಂಡರ್ ರಸ್ತೆಯ ಗುಡ್ಡದ ಮೇಲೆ ಡ್ಯಾನಿಷ್ ನಾವಿಕರ ಚರ್ಚ್ ಇದೆ. ನಂಬಿಕೆಯ ಪ್ರಶ್ನೆ ಬೇರೆ, ಅಂಥ ಕಡೆ ಮಕ್ಕಳು ಸಿಗುತ್ತಾರೆ. ಹೊರದೇಶದ ಡ್ಯಾನಿಷ್ ಮಕ್ಕಳಿಗಾಗಿ ಡೇನ್ಸ್ ವರ್ಲ್ಡ್‌ವೈಡ್ ಸಂಸ್ಥೆ ಆನ್‌ಲೈನ್ ತರಗತಿ ನಡೆಸುತ್ತದೆ. 1919ರಷ್ಟು ಹಳೆಯ ಸಂಸ್ಥೆ. ವಿಚಾರಿಸಿ.

---

ಜಗಲಿ ಕಟ್ಟೆ · ಜನವರಿ 22

ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಡೆನ್ಮಾರ್ಕಿನ ಹೆಸರು ಯಾಕೆ ಬೇಕು ಅಂತ ಕೇಳಿದ್ದು ತಪ್ಪು. ಆ ಮಗುವಿಗೆ ಅಲ್ಲೊಬ್ಬ ಅಜ್ಜಿ ಇದ್ದಾರೆ, ಹೆಸರು ಬೇಕಾಗಿರುವುದು ಅದಕ್ಕೆ.

ನಿನ್ನೆ ರಾತ್ರಿ ನಮ್ಮ ಮನೆಯಲ್ಲೂ ಪಾತ್ರೆಗಳನ್ನು ಮಧ್ಯೆ ಇಟ್ಟು ಎಲ್ಲರೂ ಒಟ್ಟಿಗೆ ಕೂತೆವು. ಹೆಂಡತಿ ನಾಲ್ಕು ಸಲ ಎದ್ದಳು. ಐದನೇ ಸಲ ನೀರು ತರಲು ನಾನು ಎದ್ದೆ.

---

ಮೈಸೂರಿನ ಡ್ಯಾನಿಷ್ ಸೊಸೆ · ಜನವರಿ 23

ಜಗಲಿ ಕಟ್ಟೆಯವರಿಗೆ ವೆಲ್‌ಬೆಕೊಮ್ಮೆ.

ಭಾಷೆಗೆ ನನ್ನ ಅನುಭವ ಹೇಳುತ್ತೇನೆ. "ಡ್ಯಾನಿಷ್ ಮಾತಾಡು" ಅಂದರೆ ಮಕ್ಕಳು ಮಾತಾಡುವುದಿಲ್ಲ. ಡ್ಯಾನಿಷ್‌ನಲ್ಲಿ ಮಾತ್ರ ನಡೆಯುವ ಕೆಲಸ ಕೊಡಿ. ಹುಟ್ಟುಹಬ್ಬದ ಬೆಳಿಗ್ಗೆ ನಾವು ಬಾವುಟ ಹಿಡಿದು ಹಾಡುತ್ತಾ ಹೋಗಿ ಹಾಸಿಗೆಯಲ್ಲಿರುವ ಮಗುವನ್ನು ಎಬ್ಬಿಸುತ್ತೇವೆ. ಆ ಹಾಡು ಬೇರೆ ಭಾಷೆಯಲ್ಲಿ ಇಲ್ಲ. ಹುಡುಗನ ಆಕಾರದ ಕೇಕ್ ಮಾಡಿ ಮೊದಲು ಕುತ್ತಿಗೆಗೆ ಚಾಕು ಹಾಕುತ್ತೇವೆ, ಎಲ್ಲ ಮಕ್ಕಳೂ ಒಟ್ಟಿಗೆ ಕಿರುಚಬೇಕು. ಮೈಸೂರಿನ ಮಕ್ಕಳು ಇದಕ್ಕಾಗಿಯೇ ನಮ್ಮ ಮನೆಗೆ ಬರುತ್ತಾರೆ.

ಈಗ ಜನವರಿ. ಮುಂದೆ ಫಾಸ್ಟಲೌನ್ ಬರುತ್ತದೆ, ಈಸ್ಟರ್‌ಗೆ ಏಳು ವಾರ ಮೊದಲು. ವೇಷ ಹಾಕಿಕೊಂಡು, ತೂಗುಹಾಕಿದ ಮರದ ಪೀಪಾಯಿಯನ್ನು ಸರದಿಯಲ್ಲಿ ಬಡಿಯುತ್ತಾರೆ. ಒಡೆದರೆ ಮಿಠಾಯಿ ಸುರಿಯುತ್ತದೆ. ಅದರ ತಳ ಬೀಳಿಸಿದವರು ಬೆಕ್ಕಿನ ರಾಣಿ, ಕೊನೆಯ ಹಲಗೆ ಬೀಳಿಸಿದವರು ಬೆಕ್ಕಿನ ರಾಜ. ನಾನು ರಟ್ಟಿನ ಡಬ್ಬಕ್ಕೆ ಬಣ್ಣ ಹಚ್ಚಿ ಮಾವಿನ ಮರಕ್ಕೆ ಕಟ್ಟುತ್ತೇನೆ.

ಆಮೇಲೆ ಗೆಕ್ಕಬ್ರೆವ್. ಇದನ್ನು ಬಿಡಬೇಡಿ. ಈಸ್ಟರ್‌ಗೆ ಮೊದಲು ಮಕ್ಕಳು ಬಿಳಿ ಕಾಗದವನ್ನು ಮಡಚಿ ಕತ್ತರಿಸಿ ಜಾಲರಿಯ ಹಾಗೆ ಮಾಡುತ್ತಾರೆ. ಮಧ್ಯೆ ಪ್ರಾಸದ ಸಾಲು ಬರೆದು, ವಿಂಟರ್‌ಗೆಕ್ ಅನ್ನುವ ಬಿಳಿ ಹೂವನ್ನು ಜೊತೆಗಿಟ್ಟು ಕಳಿಸುತ್ತಾರೆ. ಹಿಮ ಕರಗುವಾಗ ಮೊದಲು ಅರಳುವ ಹೂವು ಅದು. ಹೆಸರು ಬರೆಯುವ ಹಾಗಿಲ್ಲ. ಹೆಸರಿನಲ್ಲಿ ಎಷ್ಟು ಅಕ್ಷರವೋ ಅಷ್ಟು ಚುಕ್ಕಿ. ಯಾರು ಕಳಿಸಿದ್ದು ಅಂತ ಗೊತ್ತಾಗದಿದ್ದರೆ ಪತ್ರ ಪಡೆದವರು ಒಂದು ಚಾಕಲೇಟ್ ಮೊಟ್ಟೆ ಕೊಡಬೇಕು. ಫಾರ್ಮೋರ್‌ಗೆ ಕಳಿಸಿ. ಅಂಚೆಯಲ್ಲೇ ಕಳಿಸಿ.

---

ಆರ್ಹುಸ್ ಅಮ್ಮ · ಮಾರ್ಚ್ 27

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಗೊತ್ತಾಗಲಿ ಅಂತ.

ಶುಕ್ರವಾರ ಸಂಜೆ ಏಳಕ್ಕೆ ಮನೆಯಲ್ಲಿ ದೊಡ್ಡ ದೀಪ ಆರಿಸುತ್ತೇವೆ. ಏಸಿ ಇಲ್ಲ, ಕಂಬಳಿ ಇಲ್ಲ, ಬಾಲ್ಕನಿಯ ಬಾಗಿಲು ತೆರೆದಿರುತ್ತದೆ. ಚಪಾತಿಯನ್ನು ಮೊದಲೇ ಮಾಡಿ ಡಬ್ಬಿಯಲ್ಲಿಟ್ಟು ನಾನೂ ಕೂರುತ್ತೇನೆ. ಆರಿದ ಚಪಾತಿಯ ಬಗ್ಗೆ ಯಾರೂ ಏನೂ ಹೇಳಿಲ್ಲ. ಆಗ ಡೆನ್ಮಾರ್ಕಿನಲ್ಲಿ ಮಧ್ಯಾಹ್ನ ಹನ್ನೆರಡು. ಫಾರ್ಮೋರ್‌ಗೆ ಅದು ಊಟದ ಹೊತ್ತು. ಫೋನನ್ನು ಮೇಜಿನ ಮೇಲೆ ಒಂದು ತಟ್ಟೆಯ ಜಾಗದಲ್ಲಿ ನಿಲ್ಲಿಸುತ್ತೇವೆ. ಅವರು ರೈ ಬ್ರೆಡ್ ತಿನ್ನುತ್ತಾರೆ, ನಾವು ಪಲ್ಯ ತಿನ್ನುತ್ತೇವೆ. ಮೊದಲೆಲ್ಲ ಅವರು ಪ್ರಶ್ನೆ ಕೇಳುತ್ತಿದ್ದರು, ಮಗ ಉತ್ತರ ಹುಡುಕುತ್ತಿದ್ದ. ಈಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಸುಮ್ನೆ ಒಟ್ಟಿಗೆ ಊಟ. ಮೂರನೇ ವಾರ ಮಗ ತಾನಾಗಿ ತಟ್ಟೆ ಎತ್ತಿ ತೋರಿಸಿ ಇದು ಖಾರ ಅಂತ ಡ್ಯಾನಿಷ್‌ನಲ್ಲಿ ಹೇಳಿದ. ಗಂಡ ಎದ್ದು ಅಡುಗೆಮನೆಗೆ ಹೋದರು, ಸ್ವಲ್ಪ ಹೊತ್ತು ಬರಲಿಲ್ಲ.

ಶನಿವಾರದ ಡ್ಯಾನಿಷ್ ಆಟಕ್ಕೆ ಇನ್ನೆರಡು ಮನೆಯ ಮಕ್ಕಳು ಸಿಕ್ಕಿದ್ದಾರೆ. ಪಡ್ಡು ಕಾವಲಿಯನ್ನು ಅಮ್ಮ ಊರಿನಿಂದ ಕಳಿಸಿದ್ದಾರೆ, ಅಜ್ಜಿಯ ಕಾಲದ್ದು.

ಮಗಳು ಫಾರ್ಮೋರ್‌ಗೆ ಗೆಕ್ಕಬ್ರೆವ್ ಕಳಿಸಿದಳು. ಕಾಗದ ಅವಳೇ ಕತ್ತರಿಸಿದ್ದು. ಪ್ರಾಸ ಅಪ್ಪ ಮಗಳು ಸೇರಿ ಮಾಡಿದ್ದು. ಬಿಳಿ ಹೂವಿಗೆ ಪುಸ್ತಕದಲ್ಲಿ ಒಣಗಿಸಿದ ಮಲ್ಲಿಗೆ ಇಟ್ಟಳು. ಇವತ್ತು ಫಾರ್ಮೋರ್ ಪತ್ರ ಹಿಡಿದುಕೊಂಡೇ ಫೋನಿಗೆ ಬಂದರು. ಹೂವು ನೋಡಿದರೆ ಸಿಂಗಾಪುರದ್ದು ಅನ್ನಿಸುತ್ತದೆ, ಆದರೆ ಚುಕ್ಕಿ ಹೊಂದುತ್ತಿಲ್ಲ ಅಂದರು. ಮಗಳ ಹೆಸರಿಗೆ ಐದು ಅಕ್ಷರ, ಮಗನ ಹೆಸರಿಗೆ ನಾಲ್ಕು. ಇಲ್ಲಿ ಎರಡೇ ಚುಕ್ಕಿ ಇದೆ. ಎರಡು ಅಕ್ಷರದವರು ನಮ್ಮ ಮನೆಯಲ್ಲಿ ಯಾರೂ ಇಲ್ಲವಲ್ಲ?

ಮಗಳು ಕುಣಿದು ಕುಪ್ಪಳಿಸಿದಳು. ಅವಳು ಚುಕ್ಕಿ ಎಣಿಸಿದ್ದು ಕನ್ನಡದಲ್ಲಿ.

ಆಮೇಲೆ ಅರ್ಧ ಗಂಟೆ ಕೂತು ತನ್ನ ಹೆಸರಿನ ಎರಡು ಅಕ್ಷರವನ್ನು ಫಾರ್ಮೋರ್‌ಗೆ ಬರೆದು ತೋರಿಸಿದಳು. ವಿವರಿಸಿದ್ದು ಪೂರ್ತಿ ಡ್ಯಾನಿಷ್‌ನಲ್ಲಿ. ಫಾರ್ಮೋರ್ ಅಲ್ಲಿ ಕಾಗದದ ಮೇಲೆ ಬರೆದು ಕ್ಯಾಮೆರಾಕ್ಕೆ ಹಿಡಿದರು. ಒತ್ತು ಇಲ್ಲದ ಹೆಸರು, ಮೊದಲ ಸಲಕ್ಕೇ ಸರಿ ಬಂತು. ಚಾಕಲೇಟ್ ಮೊಟ್ಟೆ ಸೆಕೆಗೆ ಕರಗದ ಹಾಗೆ ಹೇಗೆ ಕಳಿಸಲಿ ಅಂತ ಈಗ ಅವರು ಕೇಳುತ್ತಿದ್ದಾರೆ. ಯಾರಾದರೂ ಕಳಿಸಿ ನೋಡಿದ್ದೀರಾ?